ಬಾಬ್ತು ಇಪ್ಪತ್ತೇಳು

ಮಂಡಿ ಮೊಹಲ್ಲಾದ ಈ ಗೋದಾಮಿನಲ್ಲಿ
ಹಿಂದೆ ಬೀಡಿ ಎಲೆ ತುಂಬುತ್ತಿದ್ದರಂತೆ.
ಮೋಡ ಮುಸುಕಿದ ದಿನ ಲೆನ್ಸಿನ ಪೆಟ್ಟಿಗೆ ತೆರೆದರೆ
ಈಗಲೂ ಒಂದೆಳೆ ಹೊಗೆಸೊಪ್ಪಿನ ವಾಸನೆ.
ಟಾರ್ಚು ಹಲ್ಲಲ್ಲಿ ಕಚ್ಚಿ, ಚಕ್ಕಳಮಕ್ಕಳ ಕೂತು
ಒಂದೊಂದು ಸಾಮಾನಿನ ಹೊಟ್ಟೆಯಡಿ ಕೆತ್ತಿದ ನಂಬರು
ನಾನು ಓದುತ್ತೇನೆ,
ನಜೀರ್ ಸಾಬರು ಬರೆಯುತ್ತಾರೆ.

ಕ್ಯಾಮೆರಾ, ಒಂದು. ಜಪಾನು.
ಮೂವತ್ತೈದರ ಲೆನ್ಸು, ಒಂದು. ಜರ್ಮನಿ.
ಟ್ರೈಪಾಡು: ತಲೆ ಬೇರೆ, ಕಾಲು ಬೇರೆ,
ತಲೆಗೊಂದು ತೂಕ, ಕಾಲಿಗೊಂದು ಬೆಲೆ.
"ಮೂರು ಅಂತ ಇದ್ದದ್ದು ಎಂಟು ಅಂತ ಓದಿದ್ಯೋ, ಚಲುವ,
ಅದು ಬೇರೆ ಕ್ಯಾಮೆರಾ.
ನಿನ್ನ ಕೈಯಲ್ಲಿರೋದು ಕದ್ದ ಮಾಲು."

ಸಾಬರ ಈ ಭಯ ಕೊಲಂಬೊದ್ದು.
ಹನ್ನೆರಡು ಪೆಟ್ಟಿಗೆ ಹೋಗಿ ಹನ್ನೊಂದು ಬಂದವು.
ಬಾರದೆ ಉಳಿದದ್ದರಲ್ಲಿ ಬರೀ ವೈರು, ಎರಡು ಸ್ಟ್ಯಾಂಡು.
ಒಂಬತ್ತು ವರ್ಷ ಕಾಗದ ಬರುತ್ತಲೇ ಇತ್ತು.
ಹೆಂಡತಿಯ ಬಳೆ ಎರಡು ಆ ವೈರಿನ ಹಿಂದೆ ಹೋದವು,
"ಸಮುದ್ರ ದಾಟಲಿಲ್ಲಪ್ಪ ಬಳೆ,
ಅಶೋಕ ರಸ್ತೆ ದಾಟಿದ್ವು ಅಷ್ಟೆ"
ಅಂತ ನಗುತ್ತಾರೆ.

ಹಸಿರು ರಟ್ಟಿನ ಪುಸ್ತಕ, ಕಾರ್ನೆಟ್ಟು.
ಹಳದಿ ಹಾಳೆ ನಮ್ಮ ದೇಶ ಬಿಡೋಕೆ,
ಬಿಳಿ ಹಾಳೆ ಅವರ ದೇಶ ಹೊಗೋಕೆ.
ಹೋದದ್ದೆಲ್ಲ ಬರಬೇಕು.
ಮಾರಬಾರದು, ಮರೆಯಬಾರದು, ಯಾರಿಗೂ ಕೊಡಬಾರದು.
ಒಡೆದರೆ
ಚೂರು ಬರಬೇಕು.

ಕೊನೆಗೆ ಗೋಡೆ ಬದಿಯ ಹಲಸಿನ ಬೆಣೆ ಎತ್ತಿ ತೋರಿಸಿದೆ.
ಟ್ರೈಪಾಡಿನ ಕಾಲಡಿ ಒತ್ತಿಡುವ ತುಂಡು,
ನಾಲ್ಕು ಸಿನಿಮಾ ಅಲುಗಾಡದೆ ನಿಂತದ್ದು ಇದರ ಮೇಲೆ.
ನಂಬರು? ಇಲ್ಲ.
ಬೆಲೆ? ಏನಂತ ಹೇಳಲಿ.
ತಯಾರಾದ ದೇಶ?
"ಕೆರಗೋಡು" ಅಂದೆ.
ಸಾಬರು ಪೆನ್ನಿನ ಮುಚ್ಚಳ ಹಾಕಿದರು.
"ಮುದ್ರೆ ಇಲ್ಲದ ಮರ ಅಲ್ಲಿ ಸೇರಿಸಲ್ಲ ಕಣೋ,
ಒಳಗೆ ಹುಳ ಇರತ್ತಂತೆ."

ಸೇತುವೆಯ ಈಚೆ ಸರ್ಬಿಯಾ, ಆಚೆ ಬೋಸ್ನಿಯಾ,
ನಡುವೆ ದ್ರೀನಾ, ಪಾಚಿ ಬಣ್ಣದ ಹೊಳೆ.
ಒಂದೇ ಹಾಡಿಗೆ ಎರಡು ದಡ.
ಪಲ್ಲವಿಗೆ ನಾಲ್ಕು ಠಸ್ಸೆ, ಚರಣಕ್ಕೆ ನಾಲ್ಕು.
ಬೆಣೆಯ ಜಾಗಕ್ಕೆ ರಟ್ಟು ಮಡಚಿ ಇಟ್ಟಿದ್ದೆ.
ಗಾಳಿ ಬಂತು, ಕಾಲು ಜಾರಿತು,
ಕ್ಯಾಮೆರಾ ಎದೆಗೆ ಅವಚಿಕೊಂಡೆ,
ಬಾಬ್ತು ಇಪ್ಪತ್ತೇಳು, ಫಿಲ್ಟರು, ಗಾಜು, ಒಂದು,
ಕಲ್ಲ ಮೇಲೆ ಬಿತ್ತು.

ಸ್ಪೀಕರಿನಲ್ಲಿ ಹಾಡು ನಿಲ್ಲಲಿಲ್ಲ.
ನಾಯಕಿ ಚಳಿಗೆ ನಡುಗುತ್ತ ನಗುತ್ತಲೇ ಇದ್ದಳು.
ನಾನು ಮಂಡಿಯೂರಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ,
ಕಲ್ಲಲ್ಲಿ ಗಾಜು ಆರಿಸಿದೆ.
ಹೊಸದು ತಗೊಂಡರಾಯ್ತು ಬಾರೋ ಅಂದರು ಯಾರೋ.
ಕೊಳ್ಳಬಹುದು.
ಆ ನಂಬರು ಎಲ್ಲಿ ಸಿಗುತ್ತೆ?

ಗಡಿ ಚೌಕಿಯ ಹೆಂಗಸು ಪೊಟ್ಟಣ ಬಿಚ್ಚಿದಳು.
ಸುಂಕದವಳ ಮುಂದೆ ಸುಖದುಃಖ ಹೇಳಬಾರದು, ಗೊತ್ತು.
ಹೇಳೋಕೆ ಅವಳ ಭಾಷೆಯೂ ಬಾರದು.
ಪಟ್ಟಿಯ ಇಪ್ಪತ್ತೇಳರ ಮೇಲೆ ಬೆರಳಿಟ್ಟೆ.
ಅವಳು ಒಂದು ಚೂರು ಹೆಕ್ಕಿ ಕಣ್ಣಿಗೆ ಹಿಡಿದಳು,
ಹಗಲನ್ನು ಮಂಕು ಮಾಡುವ ಕರಿಗಾಜು ಅದು.
ದಿನವೂ ಕಾಯುವ ತನ್ನದೇ ಸೇತುವೆ
ಮಟಮಟ ಮಧ್ಯಾಹ್ನ ಮುಸ್ಸಂಜೆಯಾದದ್ದನ್ನು
ನೋಡುತ್ತ ನಿಂತಳು.
ಹಿಂದೆ ಲಾರಿಯೊಂದು ಹಾರ್ನು ಮಾಡಿತು.
ಠಸ್ಸೆ ಹೊಡೆದಳು.

ಮಂಡಿ ಮೊಹಲ್ಲಾಕ್ಕೆ ಬಂದಾಗ ಹಾಲಿನ ಗಾಡಿಯ ಹೊತ್ತು.
ಸಾಬರು ನಿದ್ದೆಗೆಟ್ಟು ಕೂತಿದ್ದರು, ಮಡಿಲಲ್ಲಿ ಪಟ್ಟಿ.
ಒಂದೊಂದಕ್ಕೆ ಗೀಟು, ನಲವತ್ತೊಂದು ಗೀಟು,
ಇಪ್ಪತ್ತೇಳನೆಯದನ್ನು ಚೂರು ಎಣಿಸಿಯೇ ಎಳೆದರು.
"ಎಲ್ಲಾ ಬಂತಾ?"
"ಬಂತು."

ಟ್ರೈಪಾಡಿನ ರಬ್ಬರು ಪಾದಕ್ಕೆ ಏನೋ ಕಚ್ಚಿಕೊಂಡಿತ್ತು.
ಚಾಕುವಿನ ಮೊನೆಯಲ್ಲಿ ಮೀಟಿ ತೆಗೆದರು:
ಹುರುಳಿಕಾಳಿನಷ್ಟು ಬಿಳಿ ಕಲ್ಲು.
"ಇದು ಹೋಗಿರಲಿಲ್ವಲ್ಲೋ. ಯಾವ ದೇಶದ್ದು?"
ಎರಡು ದಡದಲ್ಲೂ ಕಾಲೂರಿದ್ದೆವು.
ನನಗೂ ಗೊತ್ತಿಲ್ಲ ಅಂದೆ.
ಸಾಬರು ಪೆನ್ನಿನ ಮುಚ್ಚಳ ತೆಗೆದು
ಸ್ವಲ್ಪ ಹೊತ್ತು
ಹಾಗೇ ಹಿಡಿದುಕೊಂಡಿದ್ದರು.